ಎರಡು ಸಲ ಪುಟಿದರೆ ಅದು ಟೆನಿಸ್ ಅಲ್ವಾ?

ಓದುಗರ ಪತ್ರ: ಕಳೆದ ಸಂಚಿಕೆಯ ವೀಲ್‌ಚೇರ್ ಟೆನಿಸ್ ಲೇಖನ ಓದಿದೆ. ಆ ಆಟಗಾರರ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ಚೆಂಡು ಎರಡು ಸಲ ಪುಟಿಯಬಹುದು ಎಂದಮೇಲೆ ಅದು ಟೆನಿಸ್ ಹೇಗಾಗುತ್ತದೆ? ನಾನೂ ವಾರಕ್ಕೆ ಮೂರು ದಿನ ಆಡುವವನು. ಲೇಖನವನ್ನು ಕ್ರೀಡಾಪುಟದ ಬದಲು ಸ್ಫೂರ್ತಿ ಅಂಕಣದಲ್ಲಿ ಹಾಕಬಹುದಿತ್ತು.

ಸಂಪಾದಕರ ಉತ್ತರ: ಆಟ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಇದು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡ್ಕೋಬೇಡಿ.

ಎರಡನೇ ಪುಟಿತದಿಂದ ಆಟದ ಲಯ ಬದಲಾಗುತ್ತದೆ. ಆ ಮಾತು ಒಪ್ಪಿದೆ. ಆದರೆ ಆಡುವ ಅಂಕಣ (ಕೋರ್ಟ್) ಅದೇ, ನೆಟ್ಟಿನ ಎತ್ತರ ಅದೇ, ಅಂಕ ಎಣಿಸುವ ರೀತಿಯೂ ಅದೇ. ಬದಲಾಗಿರುವುದು ಓಡಾಟ.

ನೀವು ಚೆಂಡಿಗಾಗಿ ಎಡಕ್ಕೆ ಒಂದು ಹೆಜ್ಜೆ ಸರಿಯುತ್ತೀರಿ. ಗಾಲಿಕುರ್ಚಿ ಹಾಗೆ ಅಡ್ಡಕ್ಕೆ ಸರಿಯುವುದಿಲ್ಲ. ಮೊದಲು ತಿರುಗಬೇಕು, ಆಮೇಲೆ ಓಡಬೇಕು. ಓಡಿಸಬೇಕಾದ ಕೈಯಲ್ಲೇ ರಾಕೆಟ್ ಬೇರೆ ಇದೆ. ಒಮ್ಮೆ ಅಭ್ಯಾಸ ನೋಡಲು ಹೋಗಿ ಅಂಕಣದ ಪಕ್ಕದಲ್ಲೇ ಕೂತಿದ್ದೆ. ಅಲ್ಲಿ ಆಡುತ್ತಿದ್ದ ಒಬ್ಬ ಹುಡುಗಿ ರಾಕೆಟ್ಟಿನ ಹಿಡಿಯನ್ನು ಗಾಲಿಯ ಅಂಚಿಗೆ ಒತ್ತಿ ತಳ್ಳುತ್ತಿದ್ದಳು. ತಳ್ಳಿದಾಗೆಲ್ಲ ಟಕ್ ಎಂದು ಸದ್ದು. ಹೊಡೆದ ಮೇಲೂ ಅವಳು ನಿಲ್ಲುತ್ತಿರಲಿಲ್ಲ. ನೆಟ್ಟಿಗೆ ಬೆನ್ನು ಮಾಡಿ ಒಂದು ಸುತ್ತು ಹಾಕುತ್ತಾ, ಭುಜದ ಮೇಲಿಂದ ಎದುರಾಳಿಯನ್ನು ನೋಡುತ್ತಾ ಮತ್ತೆ ಬರುತ್ತಿದ್ದಳು. ಕುರ್ಚಿ ಪೂರ್ತಿ ನಿಂತರೆ ಮತ್ತೆ ವೇಗ ಹಿಡಿಯುವಷ್ಟರಲ್ಲಿ ಪಾಯಿಂಟ್ ಕೈಬಿಟ್ಟಿರುತ್ತದೆ. ಆಟ ಮುಗಿದು ಬೆರಳಿಗೆ ಸುತ್ತಿದ್ದ ಟೇಪ್ ಬಿಚ್ಚಿದಳು. ಹೆಬ್ಬೆರಳ ಬುಡದಲ್ಲಿ ದಪ್ಪಗೆ ಜಡ್ಡುಗಟ್ಟಿತ್ತು.

ಇನ್ನೊಂದು ವಿಷಯ. ಎರಡು ಪುಟಿತದ ಅವಕಾಶ ಇದೆ ಅಂತ ದೊಡ್ಡ ಆಟಗಾರರು ಕಾಯುತ್ತಾ ಕೂರುವುದಿಲ್ಲ. ಕಾದರೆ ಎದುರಾಳಿಗೂ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದಲ್ಲ. ಜಪಾನಿನ ಶಿಂಗೊ ಕುನಿಯೆಡಾ ಮೊದಲ ಪುಟಿತದಲ್ಲೇ ಚೆಂಡು ಎತ್ತಿಕೊಂಡು ಆಟದ ವೇಗ ಏರಿಸಿದವರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲೇ 28 ಪ್ರಶಸ್ತಿ ಗೆದ್ದರು. ಕ್ವಾಡ್ ವಿಭಾಗ ಅಂತ ಒಂದಿದೆ, ಕೈಗಳಲ್ಲೂ ಬಲ ಕಡಿಮೆ ಇರುವವರದ್ದು. ಅಲ್ಲಿ ಕೆಲವರು ರಾಕೆಟ್ಟನ್ನು ಕೈಗೆ ಟೇಪಿನಿಂದ ಬಿಗಿದುಕೊಂಡು ಆಡುತ್ತಾರೆ.

ಆಟ ಶುರುವಾದದ್ದು 1976ರಲ್ಲಿ. ಸ್ಕೀಯಿಂಗ್ ಮಾಡುವಾಗ ಬಿದ್ದು ಕಾಲಿನ ಬಲ ಕಳೆದುಕೊಂಡ ಅಮೆರಿಕದ ಹುಡುಗ ಬ್ರಾಡ್ ಪಾರ್ಕ್ಸ್ ಇದನ್ನು ಕಟ್ಟಿ ಬೆಳೆಸಿದರು. 1992ರ ಬಾರ್ಸಿಲೋನಾ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾಯಿತು. ವಿಂಬಲ್ಡನ್‌ನಲ್ಲಿ ವೀಲ್‌ಚೇರ್ ಸಿಂಗಲ್ಸ್ ಆಡಿಸಿದ್ದು ಯಾವಾಗ ಗೊತ್ತಾ? 2016ರಲ್ಲಿ. ಹುಲ್ಲಿನ ಮೇಲೆ ಗಾಲಿ ತಳ್ಳುವುದು ಕಷ್ಟ, ನಿಜ. ಆದರೆ ಅಲ್ಲಿ ಡಬಲ್ಸ್ ಅದಕ್ಕೂ ಮೊದಲೇ ಆಡಿಸುತ್ತಿದ್ದರಲ್ಲ!

ನನ್ನ ಸಿಟ್ಟು ಇರುವುದು ಇಲ್ಲಿ. 2020ರಲ್ಲಿ ಯುಎಸ್ ಓಪನ್ ಸಂಘಟಕರು ಕೋವಿಡ್ ಕಾರಣ ಹೇಳಿ ವೀಲ್‌ಚೇರ್ ಸ್ಪರ್ಧೆಯನ್ನೇ ಕೈಬಿಟ್ಟರು. ಆಟಗಾರರನ್ನು ಒಂದು ಮಾತು ಕೇಳಲಿಲ್ಲ. ಆಸ್ಟ್ರೇಲಿಯಾದ ಕ್ವಾಡ್ ಆಟಗಾರ ಡಿಲನ್ ಆಲ್ಕಾಟ್ ಬಹಿರಂಗವಾಗಿ ದನಿ ಎತ್ತಿದ ಮೇಲೆ ಮತ್ತೆ ಸೇರಿಸಿದರು. ಪತ್ರಿಕೆಗಳೂ ಕಡಿಮೆಯಿಲ್ಲ. ನೆದರ್ಲೆಂಡ್ಸ್‌ನ ಎಸ್ತರ್ ವೆರ್ಗೀರ್ ಸಿಂಗಲ್ಸ್‌ನಲ್ಲಿ ಸತತ 470 ಪಂದ್ಯ ಗೆದ್ದರು. ಹತ್ತು ವರ್ಷ ಒಂದೇ ಒಂದು ಸೋಲಿಲ್ಲ. 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ತಮ್ಮದೇ ದೇಶದ ಕೊರಿ ಹೋಮನ್ ಎದುರು ಮ್ಯಾಚ್ ಪಾಯಿಂಟ್ (ಅದು ಹೋದರೆ ಪಂದ್ಯವೇ ಹೋಯಿತು) ಉಳಿಸಿಕೊಂಡು ಗೆದ್ದದ್ದೂ ಇದರೊಳಗೇ ಬಂತು. ಇಷ್ಟೆಲ್ಲ ಇದ್ದರೂ ಅವರ ಬಗ್ಗೆ ಬರೆಯುವವರು ಕಾಲಿನ ಬಲ ಹೋದ ಎಂಟನೇ ವಯಸ್ಸಿನ ಆಪರೇಷನ್ನಿನಿಂದಲೇ ಶುರು ಮಾಡುತ್ತಾರೆ. ಬ್ಯಾಕ್‌ಹ್ಯಾಂಡ್ ಹೇಗಿತ್ತು, ಸರ್ವ್ ಎಲ್ಲಿ ಬೀಳುತ್ತಿತ್ತು, ಒಂದು ಸಾಲೂ ಇರುವುದಿಲ್ಲ. ನಮ್ಮ ಮೇಜಿಗೂ ಅಂಥ ಬರಹ ಬರುತ್ತವೆ. ವಾಪಸ್ ಕಳಿಸುತ್ತೇನೆ.

ನೀವು ಕೈಮುಗಿದದ್ದು ಒಳ್ಳೆಯ ಮನಸ್ಸಿನಿಂದಲೇ, ಗೊತ್ತು. ಆದರೆ ಕೈಮುಗಿದುಬಿಟ್ಟರೆ ಆಮೇಲೆ ಯಾರೂ ಸ್ಕೋರ್ ಕೇಳುವುದಿಲ್ಲ. ಆ ಹುಡುಗಿಯ ಹತ್ತಿರ ನಾನೂ "ನಿಮ್ಮ ಧೈರ್ಯ ದೊಡ್ಡದು" ಅಂದಿದ್ದೆ. "ನನ್ನ ಸೆಕೆಂಡ್ ಸರ್ವ್ ನೋಡಿದ್ರಾ ಸರ್, ಇವತ್ತು ಕೈಕೊಟ್ಟಿತು" ಅಂದಳು. ನಾನು ನೋಡಿರಲಿಲ್ಲ.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಪುರುಷರ ಸಿಂಗಲ್ಸ್ ಫೈನಲ್ ಹುಡುಕಿ ನೋಡಿ. ಜಪಾನಿನ 18 ವರ್ಷದ ಟೊಕಿಟೊ ಒಡಾ, ಬ್ರಿಟನ್ನಿನ ಆಲ್ಫಿ ಹ್ಯೂಯೆಟ್ ಎದುರು. ಮೂರನೇ ಸೆಟ್ 7-5. ಹ್ಯೂಯೆಟ್‌ಗೆ ಮ್ಯಾಚ್ ಪಾಯಿಂಟ್ ಸಿಕ್ಕಿತ್ತು, ಆದರೂ ಸೋತರು. ಎಲ್ಲಿ ತಪ್ಪಿದರು ಅಂತ ಆಡುವವರ ಕಣ್ಣಿನಿಂದ ನೋಡಿ ಬರೆಯಿರಿ. ಕ್ರೀಡಾಪುಟದಲ್ಲೇ ಹಾಕುತ್ತೇನೆ.