ಇಬ್ಬರು ಗಂಡಸರಿಗೆ ಒಂದೇ ಮಂಚ: ಬ್ಯಾಂಕಾಕ್‌ನಲ್ಲಿ ಕೊಡ್ತಾರಾ?

ಗೆಳೆಯನ ಜೊತೆ ಮೊದಲ ಸಲ ಬ್ಯಾಂಕಾಕ್‌ಗೆ ಹೋಗುತ್ತಿದ್ದೀರಿ. ಹೋಟೆಲ್‌ನಲ್ಲಿ, ಬೀದಿಯಲ್ಲಿ ತೊಂದರೆ ಆಗುತ್ತಾ, ಸಂಜೆ ಎಲ್ಲಿ ಹೋಗೋದು, ಅಲ್ಲೇ ಮದುವೆ ಆಗಬಹುದಾ ಅಂತ ಕೇಳಿದ್ದೀರಿ. ನಾನೂ ನನ್ನವನೂ ಬೆಂಗಳೂರಿನಿಂದ ಮೂರು ಸಲ ಹೋಗಿ ಬಂದಿದ್ದೇವೆ.

ಹೋಟೆಲ್ ಚಿಂತೆ ಬಿಡಿ. ಮೊದಲ ಸಲ ನಾನು ಹೆದರಿ ಎರಡು ಮಂಚದ ರೂಮ್ ಬುಕ್ ಮಾಡಿದ್ದೆ. ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, 'ದೊಡ್ಡ ಮಂಚದ ರೂಮೂ ಖಾಲಿ ಇದೆ, ಬೇಕಾ?' ಅಂದಳು. ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿ ಕೀ ಕೊಟ್ಟಾಗಿತ್ತು.

ಬೀದಿಯ ವಿಷಯ ಸ್ವಲ್ಪ ಬೇರೆ. ನಮ್ಮೂರಲ್ಲಿ ಗಂಡಸರಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಹೋದರೆ ದೋಸ್ತಿ ಅಂದುಕೊಳ್ಳುತ್ತಾರೆ, ಅಲ್ವಾ? ನಾವು ಆ ಮರೆಯಲ್ಲೇ ಓಡಾಡಿದವರು. ಅಲ್ಲಿ ಕೈ ಹಿಡಿದರೆ ಜೋಡಿ ಅಂತಲೇ ಗೊತ್ತಾಗುತ್ತದೆ. ಗೊತ್ತಾದಮೇಲೂ ಸುಮ್ಮನೆ ತಮ್ಮ ಪಾಡಿಗೆ ಹೋಗುತ್ತಾರೆ. ನನಗೆ ಅದು ಅಭ್ಯಾಸವಾಗಲು ಎರಡು ದಿನ ಬೇಕಾಯಿತು. ಹಾಗಂತ ರಸ್ತೆಯಲ್ಲಿ ಮುದ್ದಾಡಬೇಡಿ, ಗಂಡು-ಹೆಣ್ಣು ಜೋಡಿ ಮಾಡಿದರೂ ಅಲ್ಲಿ ಚೆನ್ನಾಗಿ ಕಾಣಲ್ಲ.

ಸಂಜೆಗೆ ಸೀಲೋಮ್ ರಸ್ತೆ. ಬಿಟಿಎಸ್ ರೈಲಿನಲ್ಲಿ ಸಾಲಾ ಡೇಂಗ್ ಸ್ಟೇಷನ್ನಿನಲ್ಲಿ ಇಳಿದು ಸೋಯ್ 4ಕ್ಕೆ ನಡೆಯಿರಿ. ಸೋಯ್ ಅಂದರೆ ಗಲ್ಲಿ. ಎರಡೂ ಕಡೆ ಗೇ ಬಾರ್, ಹೊರಗೆ ಕುರ್ಚಿ. ಒಂದು ಬಿಯರ್ ಹಿಡಿದು ಹೋಗಿ ಬರುವವರನ್ನು ನೋಡುತ್ತಾ ಕೂತರೆ ಸಾಕು, ಅದೇ ಒಂದು ಮನರಂಜನೆ. ಕುಣಿಯುವ ಆಸೆ ಇದ್ದರೆ ಪಕ್ಕದ ಸೋಯ್ 2, ಆದರೆ ರಾತ್ರಿ ಹನ್ನೊಂದರ ಮೇಲೆ. ವಯಸ್ಸು 20 ಆಗಿರಬೇಕು, ಪಾಸ್‌ಪೋರ್ಟ್ ಕೇಳಬಹುದು. ಅಂದಹಾಗೆ, ಇದೇ ರಸ್ತೆಯಲ್ಲಿ ಮುಂದೆ ಹೋದರೆ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ. ನಾವು ಬೆಳಿಗ್ಗೆ ಅಲ್ಲಿಗೆ, ರಾತ್ರಿ ಇಲ್ಲಿಗೆ.

ಸೀಲೋಮ್ ರಸ್ತೆಗೇ ಸೇರುವ ಪಟ್‌ಪಾಂಗ್ ಗಲ್ಲಿಗಳ ಕಡೆ ಕಾರ್ಡ್ ತೋರಿಸಿ 'ಶೋ, ಶೋ' ಅಂತ ಕರೆಯುವವರ ಹಿಂದೆ ಮಹಡಿ ಹತ್ತಬೇಡಿ. ನಾವು ಹತ್ತಿದ್ದೆವು. ಎರಡು ಬಿಯರಿಗೆ ನಾಲ್ಕು ಸಾವಿರ ಬಾತ್ ಬಿಲ್ ಬಂತು. ಬಾಗಿಲಲ್ಲಿ ಇಬ್ಬರು ದಾಂಡಿಗರು ನಿಂತಿದ್ದರು, ತೆಪ್ಪಗೆ ಕೊಟ್ಟು ಬಂದೆವು.

ಎಚ್‌ಐವಿ ಪರೀಕ್ಷೆ ಬೇಕಾದರೆ ರಾಚದಮ್ರಿ ರಸ್ತೆಯಲ್ಲಿ ಥಾಯ್ ರೆಡ್‌ಕ್ರಾಸ್‌ನ ಅನಾನಿಮಸ್ ಕ್ಲಿನಿಕ್ ಇದೆ. ವೇಪ್ (ಇ-ಸಿಗರೇಟ್) ಮನೆಯಲ್ಲೇ ಬಿಡಿ, ಅಲ್ಲಿ ಕಾನೂನುಬಾಹಿರ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಪುಕ್ಕಟೆ, ದುಡ್ಡು ಕೇಳುವ ಸೈಟಿಗೆ ಹೋಗಬೇಡಿ.

ಇನ್ನು ಮದುವೆ. 2025ರ ಜನವರಿ 23ರಿಂದ ಥಾಯ್ಲೆಂಡ್‌ನಲ್ಲಿ ಗಂಡಸರಿಬ್ಬರ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಆದರೆ ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ಅಲ್ಲಿ ಪಡೆದ ಕಾಗದಕ್ಕೆ ಇಲ್ಲಿ ಬೆಲೆ ಇಲ್ಲ. ನನ್ನವನು ಮಾತ್ರ, 'ಕಾಗದ ಬೇಡ, ಹಾರ ಹಾಕಿಕೊಂಡು ಒಂದು ಫೋಟೋ ತೆಗೆಸೋಣ' ಅಂತ ಪ್ರತಿ ಸಲವೂ ಗಂಟು ಬೀಳುತ್ತಾನೆ.