ಹೊಸ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಏನೇನೋ ಬೆಳೆಯುತ್ತಿದೆ, ಕಲ್ಲನ್ನು ಕುದಿಸಿಬಿಡಬೇಕೇ?

ಮೊದಲು ಒಲೆ ಆರಿಸಿ. ಸ್ನೇಹಿತರ ತೊಟ್ಟಿಯಿಂದ ತಂದ ಕಲ್ಲನ್ನು ಕುದಿಸಿದರೆ ಎಲ್ಲ ಪೀಡೆಯೂ ಒಮ್ಮೆಗೇ ತೊಲಗುತ್ತದೆಯೇ ಎಂದು ಕೇಳಿದ್ದೀರಿ. ತೊಲಗಬಹುದು. ಆದರೆ ಆ ಕಲ್ಲಿನ ಮೇಲೆ ಹವಳಗಳ ಸಂಬಂಧಿಗಳಾದ ಜೋವಾಂಥಿಡ್ ಜಾತಿಯ ಜೀವಿಗಳಿದ್ದರೆ, ಅವುಗಳಲ್ಲಿರಬಹುದಾದ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯೊಂದಿಗೆ ಮನೆಯೊಳಗೆಲ್ಲ ಹರಡುತ್ತದೆ. ಅಡುಗೆಮನೆಯಲ್ಲಿ ಹೀಗೆ ಕಲ್ಲು ಕುದಿಸಿ ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಅದೂ ಅಲ್ಲದೆ, ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೆಲೆಸಿರುವುದು ಅದೇ ಕಲ್ಲಿನಲ್ಲಿ. ಅವನ್ನೂ ಬೇಯಿಸಿಬಿಟ್ಟರೆ, ಅವು ನೆಲೆಗೊಳ್ಳಲೆಂದು ನೀವು ಎರಡು ತಿಂಗಳು ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ನೀವು ವಿವರಿಸಿದ ನಾಲ್ಕರಲ್ಲಿ ಎರಡರ ಗೊಡವೆಗೇ ಹೋಗಬೇಕಿಲ್ಲ. ಗಾಜಿಗೆ ಅಂಟಿರುವ, ಸಾಸಿವೆಗಿಂತ ದೊಡ್ಡದಿಲ್ಲದ ಬಿಳಿ ಸುರುಳಿಗಳು ಸ್ಪೈರಾರ್ಬಿಡ್ ಎಂಬ ಹುಳುಗಳು ಕಟ್ಟಿಕೊಂಡ ಸುಣ್ಣದ ಗೂಡುಗಳು. ಭೂತಗನ್ನಡಿ ಹಿಡಿದು ಸ್ವಲ್ಪ ಹೊತ್ತು ಕಾದರೆ, ಸುರುಳಿಯ ಬಾಯಿಂದ ಗರಿಯಂಥ ಪುಟ್ಟ ಕಿರೀಟ ಹೊರಬರುವುದು ಕಾಣುತ್ತದೆ. ನೀರಿನಲ್ಲಿ ತೇಲುವ ಕಣಗಳನ್ನು ಅದು ಸೋಸಿ ತಿನ್ನುತ್ತದೆ. ಕಲ್ಲಿನ ಮೇಲಿನ ನೇರಳೆ-ಗುಲಾಬಿ ಚುಕ್ಕೆಗಳು ಉಗುರಿನಿಂದ ಕೆರೆದರೂ ಏಳದಿದ್ದರೆ ಅವು ಕೊರಲೈನ್ ಪಾಚಿ. ಎಷ್ಟೋ ಜನ ಇದು ಬರಲೆಂದು ಹಂಬಲಿಸುತ್ತಾರೆ. ಅದೇ ಬಣ್ಣದ್ದು ಪದರವಾಗಿ ಸುಲಿದು ಬಂದರೆ ಮಾತ್ರ ಅದು ಸಯನೋಬ್ಯಾಕ್ಟೀರಿಯಾ. ಹೀರಿ ತೆಗೆಯಿರಿ, ಆ ಮೂಲೆಗೆ ನೀರಿನ ಹರಿವು ಹೆಚ್ಚಿಸಿ.

ಮರಳಿನ ಮೇಲಿನ ಕಂದು ಬಣ್ಣದ ವಿಷಯದಲ್ಲಿ ಮಾತ್ರ ಅವಸರದ ತೀರ್ಮಾನ ಬೇಡ. ಅದು ಡಯಾಟಮ್ ಇರಬಹುದು, ಡೈನೊಫ್ಲಾಜೆಲೇಟ್ ಇರಬಹುದು; ಎರಡೂ ಏಕಕೋಶದ ಸೂಕ್ಷ್ಮಜೀವಿಗಳು. ಎರಡಕ್ಕೂ ಮದ್ದು ಬೇರೆ, ಒಂದರ ಮದ್ದು ಇನ್ನೊಂದನ್ನು ಕೆರಳಿಸುತ್ತದೆ. ಡಯಾಟಮ್ ಧೂಳಿನಂತೆ ಕೂತಿರುತ್ತದೆ, ಬೆರಳಾಡಿಸಿದರೆ ಪುಡಿಯಾಗಿ ಚದುರುತ್ತದೆ. ನೀರಿನಲ್ಲಿರುವ ಸಿಲಿಕೇಟ್ ಅದರ ಬಂಡವಾಳ. ಅದು ಮುಗಿದಂತೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಕೊಳವೆಬಾವಿಯ ನೀರನ್ನು ಮನೆಯ ಆರ್‌ಓ ಯಂತ್ರದಲ್ಲಿ ಶುದ್ಧೀಕರಿಸಿ ಬಳಸುತ್ತಿದ್ದೇನೆ ಎಂದಿದ್ದೀರಿ. ಅನೇಕ ಗೃಹಬಳಕೆಯ ಯಂತ್ರಗಳು ರುಚಿಗೆಂದು ಮೂಲ ನೀರನ್ನೂ ಸ್ವಲ್ಪ ಬೆರೆಸಿ ಕೊಡುತ್ತವೆ, ಅದರೊಂದಿಗೆ ಸಿಲಿಕೇಟೂ ಬರಬಹುದು. ನಿಮಗೆ ಬೇಕಾದದ್ದು ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರಾಳದ ಮೂಲಕವೂ ಹಾದು ಬಂದ ನೀರು, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವಂಥದ್ದು.

ಡೈನೊಫ್ಲಾಜೆಲೇಟ್ ಹಾಗಲ್ಲ. ಸಿಂಬಳದಂತೆ ಲೋಳೆ, ಎಳೆ ಎಳೆಯಾಗಿ ಮೇಲಕ್ಕೆ ಚಾಚಿರುತ್ತದೆ, ಎಳೆಗಳ ತುದಿಯಲ್ಲಿ ಗಾಳಿಗುಳ್ಳೆ. ಬೆಳಗ್ಗೆ ಮರಳು ಶುಭ್ರವಾಗಿದ್ದು, ದೀಪ ಹಾಕಿ ಕೆಲವು ಗಂಟೆಗಳಾದ ಮೇಲೆ ಮತ್ತೆ ಕಾಣಿಸಿಕೊಂಡರೆ ಅನುಮಾನಿಸಿ. ಖಚಿತಪಡಿಸಿಕೊಳ್ಳಲು ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಸೀಸೆಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ (ನಮ್ಮ ಸ್ಟೀಲಿನ ಫಿಲ್ಟರ್ ಇದಕ್ಕೆ ಆಗದು), ಇಳಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ತಿಳಿಯಾಗಿದ್ದ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡರೆ ಅದು ಡೈನೊ. ಆಗ ಮೀನಿನ ಆಹಾರ ಕಡಿಮೆ ಮಾಡಿ, ನೀರು ಬದಲಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ತೊಟ್ಟಿಯೇ ಇದಕ್ಕೆ ಸುಗ್ಗಿ. ನೈಟ್ರೇಟನ್ನು 5ರಿಂದ 10 ಪಿಪಿಎಂಗೆ (ದಶಲಕ್ಷಕ್ಕೆ ಇಷ್ಟು ಭಾಗ) ಏರಿಸಿ, ಫಾಸ್ಫೇಟ್ ಕೂಡ ಅಳತೆಗೆ ಸಿಗುವಷ್ಟಿರಲಿ. ಬೇರೆ ಪಾಚಿಗಳು ಬೆಳೆದು ಇದರ ಜಾಗ ಕಸಿದುಕೊಳ್ಳುತ್ತವೆ.

ಇನ್ನು ಕಲ್ಲಿನ ಸಂದಿಯಲ್ಲಿ ಅರಳಿರುವ ಕಂದು, ಅರೆಪಾರದರ್ಶಕ 'ಹೂವು'. ಮುಟ್ಟಲು ಹೋದರೆ ಸರಕ್ಕನೆ ಒಳಸೇರುತ್ತದೆ ಎಂದಿದ್ದೀರಿ. ಗರಿಹುಳುವೂ ಹಾಗೇ ಮಾಡುತ್ತದೆ, ಆದರೆ ಅದು ಸೇರಿದ ಮೇಲೆ ಕೊಳವೆಯೊಂದು ಉಳಿದಿರುತ್ತದೆ. ಕೊಳವೆ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಐಪ್ಟೇಸಿಯಾ ಎಂಬ ಅನಿಮೋನ್, ಅಂದರೆ ಹೂವಿನಂತೆ ಕಾಣುವ ಕಡಲಪ್ರಾಣಿ. ಚಿಮುಟದಿಂದ ಕೀಳಬೇಡಿ, ಬುಡದ ಚೂರು ಉಳಿದರೂ ಹೊಸದೊಂದು ಹುಟ್ಟುತ್ತದೆ. ಪಂಪ್ ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಅದರ ಬಾಯಿಯ ಮೇಲೆ ಮೆತ್ತಿ. ಎಲೆಯಡಿಕೆಯ ಸುಣ್ಣವೂ ಮೂಲತಃ ಅದೇ, ಆದರೆ ಡಬ್ಬಿಯ ಸುಣ್ಣಕ್ಕೆ ಏನೇನು ಬೆರೆಸಿರುತ್ತಾರೋ, ಶುದ್ಧ ಪುಡಿಯನ್ನೇ ಕೊಳ್ಳಿ. ಒಂದೇ ದಿನ ಹತ್ತಾರಕ್ಕೆ ಹಚ್ಚಿದರೆ ಪಿಎಚ್ ಏರಿಬಿಡುತ್ತದೆ. ಪೆಪ್ಪರ್‌ಮಿಂಟ್ ಸೀಗಡಿ ಇದನ್ನು ತಿನ್ನುತ್ತದೆ. ಅಂಗಡಿಯಲ್ಲಿ ಅದರ ಹೆಸರಿನಲ್ಲಿ ಬಿಳಿ ಪಟ್ಟೆಯ, ಗೂನುಬೆನ್ನಿನ ಕ್ಯಾಮೆಲ್ ಸೀಗಡಿ ಕೊಟ್ಟರೆ ತರಬೇಡಿ, ಅದು ಹವಳಗಳನ್ನೇ ತಿನ್ನುತ್ತದೆ.

ಕೊನೆಯ ಪ್ರಶ್ನೆ, ಮುರುಡೇಶ್ವರದ ಕಡೆಯಿಂದ ಬದಲಿ ಕಲ್ಲು ತರುವುದು. ಬೇಡ. ಅಲ್ಲಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಮತ್ತು ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಕೃತಕ ಒಣಕಲ್ಲು ಸಾಕು. ಸದ್ಯಕ್ಕೆ ಸೀಸೆಯ ಪರೀಕ್ಷೆ ಮಾಡಿ, ಫಲಿತಾಂಶದ ಜೊತೆಗೆ ನೈಟ್ರೇಟ್, ಫಾಸ್ಫೇಟ್ ಅಂಕಿಗಳನ್ನೂ ಇಲ್ಲಿ ಬರೆಯಿರಿ.