ಬಿ.ಕಾಂ. ಮಧ್ಯದಲ್ಲಿ ಬೆಂಗಳೂರಿನ ಖಾಸಗಿ ಯೂನಿವರ್ಸಿಟಿಗೆ ಹೋದರೆ ಫೈನಾನ್ಸ್ ಕೆಲಸ ಸುಲಭವಾಗುತ್ತಾ?

ಚಿಕ್ಕಮಗಳೂರಿನಲ್ಲಿ ಕುವೆಂಪು ವಿವಿಯ ಬಿ.ಕಾಂ., ಮೂರನೇ ಸೆಮಿಸ್ಟರ್ ಮುಗಿಯುತ್ತಿದೆ, ಬೆಂಗಳೂರಿನ ಖಾಸಗಿ ಯೂನಿವರ್ಸಿಟಿಗೆ ಸೇರಲು ಅಪ್ಪ ಮೂಡಿಗೆರೆಯ ಕಾಫಿ ತೋಟದ ಮೇಲೆ ಸಾಲ ತೆಗೆಯಲೂ ಸಿದ್ಧ ಇದ್ದಾರೆ ಅಂತ ಬರೆದಿದ್ದೀರಿ. ಈಗ ಬೇಡ ಅಂತಲೇ ನಾನು ಹೇಳುವುದು. ಡಿಗ್ರಿ ಇಲ್ಲೇ ಮುಗಿಸಿ, ಹೋಗುವುದಿದ್ದರೆ ಎಂಬಿಎಗೆ ಹೋಗಿ.

ನಾನೂ ಚಿಕ್ಕಮಗಳೂರಿನಲ್ಲೇ ಬಿ.ಕಾಂ. ಮಾಡಿದವನು. ಈಗ ಬೆಂಗಳೂರಿನಲ್ಲಿ ಸಾಲದ ಅರ್ಜಿ ನೋಡುವ ಕ್ರೆಡಿಟ್ ವಿಭಾಗದಲ್ಲಿದ್ದೇನೆ, ಹೊಸಬರ ಇಂಟರ್‌ವ್ಯೂಗೂ ಕೂರುತ್ತೇನೆ. ಬೆಂಗಳೂರಿನ ಕ್ಯಾಂಪಸ್‌ಗಳಲ್ಲಿ ಬಿ.ಕಾಂ. ಮಕ್ಕಳನ್ನು ಜಾಸ್ತಿ ತೆಗೆದುಕೊಳ್ಳುವುದು ಫಂಡ್ ಅಕೌಂಟಿಂಗ್ (ಹೂಡಿಕೆ ನಿಧಿಗಳ ಲೆಕ್ಕ ಇಡುವುದು), ರಿಕನ್ಸಿಲಿಯೇಶನ್ (ಎರಡು ಕಡೆಯ ಲೆಕ್ಕ ತಾಳೆ ನೋಡುವುದು), ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಕೆಲಸಕ್ಕೆ. ಒಳ್ಳೆಯ ಕೆಲಸಗಳೇ, ಆದರೆ ಅವಕ್ಕೆ ಹೊರಗಿನಿಂದ ಅರ್ಜಿ ಹಾಕಿಯೂ ಬರಬಹುದು. ನೀವು ಕೇಳಿದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್, ಅಂದರೆ ಕಂಪನಿಗಳಿಗೆ ಬಂಡವಾಳ ಎತ್ತಲು, ಕೊಳ್ಳುವ-ಮಾರುವ ವ್ಯವಹಾರಕ್ಕೆ ನೆರವಾಗುವ ಕೆಲಸ, ಬೇರೆ ಮಾತು. ಆ ಹುದ್ದೆಗಳು ಬಹುಪಾಲು ಮುಂಬೈಯಲ್ಲಿವೆ, ಅಲ್ಲಿಗೆ ದೊಡ್ಡ ಐಐಎಂಗಳಿಂದ ಬಂದವರು, ಸಿಎ ಆದವರು ಹೋಗುತ್ತಾರೆ. ಬಿ.ಕಾಂ. ಎರಡನೇ ವರ್ಷದಲ್ಲಿ ಕಾಲೇಜು ಬದಲಿಸಿದರೆ ಆ ಬಾಗಿಲು ತೆರೆಯುವುದಿಲ್ಲ.

ಅಷ್ಟೇ ಅಲ್ಲ, ಎರಡು ಯೂನಿವರ್ಸಿಟಿಯ ಸಿಲಬಸ್ ಹೊಂದದಿದ್ದರೆ ಬಿಟ್ಟುಹೋದ ಪೇಪರ್‌ಗಳನ್ನು ಮತ್ತೆ ಬರೆಯಬೇಕು, ಕೆಲವೊಮ್ಮೆ ಒಂದು ವರ್ಷವೇ ಹೋಗುತ್ತದೆ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ, ಕಂತು ಕಟ್ಟುವುದು ಓದು ಮುಗಿದ ಮೇಲಾದರೂ ಬಡ್ಡಿ ದುಡ್ಡು ಕೈಗೆ ಬಂದ ದಿನದಿಂದಲೇ ಓಡುತ್ತದೆ. ಆ ತೋಟವನ್ನು ಎಂಬಿಎ ಹೊತ್ತಿಗೆ ಉಳಿಸಿಕೊಳ್ಳಿ, ದಯವಿಟ್ಟು.

ಈ ಒಂದೂವರೆ ವರ್ಷದಲ್ಲಿ ಏನು ಮಾಡಬಹುದು ಅಂದರೆ, ಮೊದಲು ಮಾರ್ಕ್ಸ್. 55% ಇದ್ದರೆ ಕಾಮರ್ಸ್ ಪದವೀಧರರು ಫೌಂಡೇಶನ್ ಅನ್ನುವ ಮೊದಲ ಹಂತ ಬರೆಯದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಮೊದಲ ಹಂತವನ್ನು ಡಿಗ್ರಿ ಮುಗಿಯಲು 23 ತಿಂಗಳು ಇರುವಾಗಲೇ ಬರೆಯಲು ಬಿಡುತ್ತಾರೆ, ಫೀಸು ಮಾತ್ರ ಡಾಲರ್‌ನಲ್ಲಿ.

ಇನ್ನೊಂದು ಕೆಲಸ ನಿಮ್ಮ ಮನೆಯಲ್ಲೇ ಇದೆ. ನಮ್ಮ ಕಾಫಿ ರೇಟಿನ ಮೂಲ ನಮ್ಮೂರಲ್ಲಿ ಇಲ್ಲ, ಅರೇಬಿಕಾದ್ದು ನ್ಯೂಯಾರ್ಕ್ ಫ್ಯೂಚರ್ಸ್ ಪೇಟೆಯಲ್ಲಿ (ಮುಂದಿನ ತಿಂಗಳುಗಳ ವ್ಯಾಪಾರಕ್ಕೆ ಈಗಲೇ ಬೆಲೆ ನಿಗದಿ ಮಾಡುವ ಪೇಟೆ), ರೋಬಸ್ಟಾದ್ದು ಲಂಡನ್‌ನಲ್ಲಿ. ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಅಂತ ಲೆಕ್ಕ, ನಮ್ಮ 50 ಕೆಜಿ ಮೂಟೆ ಅಂದರೆ ಸುಮಾರು 110 ಪೌಂಡು. ಪೌಂಡಿನ ಬೆಲೆಯನ್ನು 110ರಿಂದ ಗುಣಿಸಿ, ಸೆಂಟನ್ನು ಡಾಲರ್ ಮಾಡಿ, ಆ ದಿನದ ಡಾಲರ್ ರೇಟಿಗೆ ಗುಣಿಸಿ, ಪಾರ್ಚ್‌ಮೆಂಟ್ ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜದ ತೂಕಕ್ಕೆ ಇಳಿಸಿ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮತ್ತು ಸಾಗಾಟದ ಖರ್ಚು ಕಳೆದು, ವ್ಯಾಪಾರಿ ಅಪ್ಪನಿಗೆ ಹೇಳಿದ ರೇಟಿನ ಪಕ್ಕ ಇಡಿ. ಈ ಎಕ್ಸೆಲ್ ಶೀಟನ್ನು ಒಂದು ಕೊಯ್ಲಿನ ಸೀಸನ್ ಪೂರ್ತಿ ತುಂಬಿ, ವ್ಯತ್ಯಾಸ ಯಾವ ವಾರ ಯಾಕೆ ಹೆಚ್ಚಾಯಿತು ಅಂತ ಬರೆದಿಡಿ. ಇಂಟರ್‌ವ್ಯೂನಲ್ಲಿ ಇದನ್ನು ವಿವರಿಸುವವರು ಸಿಕ್ಕರೆ ನಾನು ಕಾಲೇಜಿನ ಹೆಸರು ನೋಡುವುದಿಲ್ಲ. ಹೆಡ್ಜಿಂಗ್ (ಬೆಲೆ ಏರಿಳಿತದಿಂದ ನಷ್ಟವಾಗದಂತೆ ಕಾಪಾಡಿಕೊಳ್ಳುವುದು), ವಿನಿಮಯ ದರ, ಬೇಸಿಸ್ (ಊರಿನ ರೇಟಿಗೂ ಫ್ಯೂಚರ್ಸ್ ರೇಟಿಗೂ ಇರುವ ವ್ಯತ್ಯಾಸ) ಇವೆಲ್ಲ ಅಲ್ಲೇ ಬಂದುಬಿಡುತ್ತದೆ ಅಲ್ವಾ?

ಸೀಟು ಹಿಡಿದಿಡಲು ಈ ವಾರ ಅಡ್ವಾನ್ಸ್ ಕೇಳಿದ್ದಾರೆ ಅಂದಿರಿ. ಕಟ್ಟಬೇಡಿ. ನಿಮ್ಮ ಎಷ್ಟು ಪೇಪರ್ ಒಪ್ಪುತ್ತಾರೆ, ಕಳೆದ ವರ್ಷ ಬಿ.ಕಾಂ. ಮುಗಿಸಿದವರು ಯಾವ ಕಂಪನಿಗೆ ಯಾವ ಹುದ್ದೆಗೆ ಹೋದರು, ಎರಡನ್ನೂ ಬರಹದಲ್ಲಿ ಕೇಳಿ. ಸುಮ್ನೆ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಉತ್ತರ ಬಂದರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.